ಎದೆಯ ಮೇಲಿನ ಜೇಬು

ನಮ್ಮ ಅಬ್ಬಾ ವೃತ್ತಿಯಿಂದ ದರ್ಜಿ, ಹುಚ್ಚಿನಿಂದ ಗಾಳಗಾರ. ಗುರಪ್ಪನಪಾಳ್ಯದ ಒಂದು ಗಲ್ಲಿಯಲ್ಲಿ ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದರು. ವಾರಕ್ಕೊಂದು ದಿನ ಅಂಗಡಿಗೆ ಬೀಗ ಹಾಕಿ, ಗಾಳದ ಕೋಲು ಹಿಡಿದು ಹೊರಟರೆ ಮತ್ತೆ ಮುಖ ತೋರಿಸುತ್ತಿದ್ದುದು ಮಗ್ರಿಬ್ ಹೊತ್ತಿಗೇ. ಮೀನು ಸಿಕ್ಕ ದಿನಗಳು ಕಡಿಮೆ. ಸಿಕ್ಕ ದಿನ ಅಮ್ಮಿ ಮಸಾಲೆ ಅರೆಯುತ್ತಿದ್ದರು, ಸಿಗದ ದಿನ ಅಬ್ಬಾ ಕತೆ ಹೇಳುತ್ತಿದ್ದರು. ನಾವು ಮುಂದೆ ಕತೆ ಬರೆಯುವವರಾದದ್ದಕ್ಕೆ ಆ ಸಿಗದ ಮೀನುಗಳೇ ಕಾರಣವಿರಬೇಕು. (ನಾವು ಎಂದರೆ ನಾವೊಬ್ಬರೇ. ಉರ್ದು ಶಾಲೆಯಲ್ಲಿ ‘ಹಮ್’ ಎಂದು ಹೇಳಿ ರೂಢಿಯಾದ ನಾಲಿಗೆ, ಕನ್ನಡ ಶಾಲೆಗೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಓದುಗರು ಇದನ್ನು ದೊಡ್ಡಸ್ತಿಕೆ ಎಂದು ತಿಳಿಯಬಾರದು.)

ಅಬ್ಬಾ ಚಿಕ್ಕವರಿದ್ದಾಗ ಸಾರಕ್ಕಿ ಕೆರೆಯ ಏರಿಯ ಮೇಲೆ ಕೂತು ಬಿದಿರು ಕೋಲಿಗೆ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತಿದ್ದರಂತೆ. ಈಗಿನ ಜೆ.ಪಿ. ನಗರದವರಿಗೆ ಹೇಳಿದರೆ ನಂಬುವುದು ಕಷ್ಟ. ನಡುವೆ ಆ ಕೆರೆ ಒತ್ತುವರಿಗೆ ಸಿಕ್ಕಿ, 2015ರಲ್ಲಿ ಬುಲ್ಡೋಜರುಗಳು ಬಂದು ತೆರವು ಮಾಡುವ ಸ್ಥಿತಿಗೆ ಮುಟ್ಟಿತ್ತು. ಬನಶಂಕರಿಯ ಕಡೆ ಚೆನ್ನಮ್ಮನಕೆರೆ ಅಚ್ಚುಕಟ್ಟು ಎಂಬ ಬಡಾವಣೆಯಿದೆ. ಅಚ್ಚುಕಟ್ಟು ಎಂದರೆ ಕೆರೆಯ ನೀರು ಉಣ್ಣುತ್ತಿದ್ದ ಗದ್ದೆಬಯಲು. ಈಗ ಅಲ್ಲಿ ಆ ಹೆಸರಿನ ಬಸ್‌ಸ್ಟಾಪಿನಲ್ಲಿ ಇಳಿಯುವವರಿಗೆ ಗದ್ದೆಯ ನೆನಪಾಗುವುದಿಲ್ಲ. ಉಳಿದ ಕೆರೆಗಳಿಗೆ ಬೇಲಿಯಿದೆ, ನಡಿಗೆಯ ದಾರಿಯಿದೆ, ಕಾವಲುಗಾರನಿದ್ದಾನೆ. ಕಂಡಲ್ಲಿ ಕೂತು ಗಾಳ ಹಾಕುವ ಕಾಲ ಹೋಯಿತು. ಹಾಗಾಗಿ ಅಬ್ಬಾ ಈಗ ಮೆಟ್ರೋ ಹತ್ತಿ, ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಹಳೆಯ ಸ್ನೇಹಿತರೊಬ್ಬರ ಸ್ಕೂಟರಿನಲ್ಲಿ ಮುಂದೆ ಹೋಗಿ, ದುಡ್ಡು ಕೊಟ್ಟು ಗಾಳ ಹಾಕುವ ಒಂದು ಹೊಂಡದ ಬಳಿ ಕೂರುತ್ತಾರೆ. ಕಾಟ್ಲಾ, ರೋಹು, ಅದೃಷ್ಟ ಕೆಟ್ಟ ದಿನ ಅಂಗೈಯಗಲದ ಜಿಲೇಬಿ ಮೀನು.

ಹೋದ ವರ್ಷ ಅಲ್ಲೇ ಒಂದು ಅನಾಹುತ ಆಗುವುದರಲ್ಲಿತ್ತು. ಅಬ್ಬಾಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆ ದಿನ ಫಜರ್ ನಮಾಜು ಮುಗಿಸಿ, ಮಾತ್ರೆ ನುಂಗಿ ಹೊರಟವರು, ಬೆಂಡು ಅಲುಗಾಡುತ್ತಿದೆ ಎಂದು ನಾಷ್ಟಾ ಮುಂದೂಡಿದರು. ಹತ್ತು ಗಂಟೆಯ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾಯಿತು. ಮಿಠಾಯಿ ಇತ್ತು. ಆದರೆ ಚೀಲದಲ್ಲಿ ಇತ್ತು, ಚೀಲ ಸ್ಕೂಟರಿನಲ್ಲಿ ಇತ್ತು, ಸ್ಕೂಟರು ಐವತ್ತು ಹೆಜ್ಜೆ ಆಚೆ ಹೊಂಗೆ ಮರದ ಕೆಳಗಿತ್ತು. ಎದ್ದು ಹೋಗಲು ಕಾಲು ಬರಲಿಲ್ಲ, ಕೂಗಲು ಬಾಯಿ ಬರಲಿಲ್ಲ. ಆ ಸ್ನೇಹಿತರು ಟೀ ತಂದವರು ನೋಡಿ, ಇನ್ನಷ್ಟು ಸಕ್ಕರೆ ಸುರಿದು ಕುಡಿಸಿದ್ದರಿಂದ ಅಬ್ಬಾ ನಮಗೆ ಉಳಿದರು.

ಮನೆಯಲ್ಲಿ ಪಂಚಾಯಿತಿ ಕೂತಿತು. ಅಮ್ಮಿ, “ಸಾಕು ಮಾಡಿ ನಿಮ್ಮ ಮೀನು, ಮಾರ್ಕೆಟ್ಟಿನಲ್ಲಿ ಸಿಗುತ್ತದೆ” ಎಂದರು. ತಂಗಿ ಫೋನಿನಲ್ಲೇ ಅತ್ತಳು. ಅಬ್ಬಾ ಏನೂ ಹೇಳಲಿಲ್ಲ. ಮೂರು ವಾರ ಮನೆಯಲ್ಲೇ ಕೂತರು. ಟಿವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೆ ಆರಿಸಿದ ಟಿವಿಯನ್ನೇ ನೋಡುತ್ತಿದ್ದರು. ಕೈ ನಡುಗುತ್ತದೆಂದು ಹೊಲಿಗೆ ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಈಗ ಗಾಳವನ್ನೂ ನಾವೇ ಕಿತ್ತುಕೊಂಡಿದ್ದೆವು. ಡಾಕ್ಟರರನ್ನು ಕೇಳಿದೆವು. ಅವರು ಹೋಗಬೇಡಿ ಎನ್ನಲಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನಬೇಕು, ಸಕ್ಕರೆ 70ಕ್ಕಿಂತ ಇಳಿದರೆ ತಕ್ಷಣ ಹದಿನೈದು ಗ್ರಾಂ ಗ್ಲೂಕೋಸ್ ಬಾಯಿಗೆ ಬೀಳಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಚಾಕೊಲೇಟು ನಿಧಾನ, ಅದನ್ನು ನಂಬಬೇಡಿ ಎಂದರು. ಕೊನೆಗೊಂದು ಮಾತು ಸೇರಿಸಿದರು: “ಅದು ಚೀಲದಲ್ಲಿ ಅಲ್ಲ, ಮೈಮೇಲೆ ಇರಬೇಕು.”

ಮೈಮೇಲೆ ಇರಬೇಕಾದದ್ದು ಗ್ಲೂಕೋಸ್ ಒಂದೇ ಅಲ್ಲ. ಸಕ್ಕರೆ ನೋಡುವ ಯಂತ್ರ, ಫೋನು, ಕನ್ನಡಕ, ನಮಾಜಿನ ಟೋಪಿ, ಗಾಳದ ಡಬ್ಬಿ, ದಾರ ಕತ್ತರಿಸುವ ಕತ್ತರಿ. ಪೈಜಾಮದ ಎರಡು ಜೇಬಿನಲ್ಲಿ ಇಷ್ಟು ಹಿಡಿಯುವುದಿಲ್ಲ. ಆಗ ನೆನಪಾದದ್ದು ಆ ಹಲವು ಜೇಬುಗಳ ತೋಳಿಲ್ಲದ ಅಂಗಿ. ಪತ್ರಿಕೆಯ ಫೋಟೋಗ್ರಾಫರುಗಳು ಹಾಕುತ್ತಾರಲ್ಲ, ಅದು. ಅಬ್ಬಾ ಅದನ್ನು ಮೊದಲು ನೋಡಿದ್ದು ಬಹಳ ಹಿಂದೆ, ಕಾವೇರಿಯ ದಂಡೆಯ ಭೀಮೇಶ್ವರಿಯಲ್ಲಿ, ಬಿಳಿಮೀನಿಗೆ ಗಾಳ ಹಾಕಲು ಬರುತ್ತಿದ್ದ ವಿದೇಶಿಯರ ಮೈಮೇಲೆ. ಆ ಮೀನಿಗೆ ಇಂಗ್ಲಿಷಿನವರು ಮಹಶೀರ್ ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡಿನದನ್ನು, ಅಂದರೆ ಸುಮಾರು 54 ಕಿಲೋದ್ದನ್ನು ಹಿಡಿದ ಕತೆ ಅಬ್ಬಾ ನಮಗೆ ನೂರು ಸಲ ಹೇಳಿದ್ದಾರೆ. ಈಗ ಕಾವೇರಿ ಕಣಿವೆಯ ಆ ಡುಬ್ಬದ ಬಿಳಿಮೀನು ಅಳಿವಿನ ಅಂಚಿನಲ್ಲಿದೆ. ಅಭಯಾರಣ್ಯದೊಳಗಿನ ಗಾಳದ ಶಿಬಿರಗಳು 2010ರ ನಂತರದ ವರ್ಷಗಳಲ್ಲಿ ನಿಂತವು. ಅಂಗಿ ಮಾತ್ರ ಊರಿಗೆ ಬಂದು ಅಂಗಡಿಯಲ್ಲಿ ತೂಗುತ್ತಿದೆ.

ನಾವು ಮೊದಲು ಹೋದದ್ದು ಜಯನಗರ ನಾಲ್ಕನೇ ಬ್ಲಾಕಿಗೆ. ಪುಟ್‌ಪಾತಿನವನು ಒಂದು ಅಂಗಿ ತೆಗೆದು ಕೊಡವಿದ. ಹದಿನಾರು ಜೇಬು, ದಪ್ಪ ಕಾಟನ್ನು, ಮಿಲಿಟರಿ ಬಣ್ಣ. ಕೈಯಲ್ಲಿ ಹಿಡಿದರೆ ಒದ್ದೆ ಕಂಬಳಿಯ ಭಾರ. ಬೆಲೆ ಕಡಿಮೆಯಿತ್ತು, ಆದರೂ ನಾವು ಬೇಡವೆಂದೆವು. ಭಾರ ಎಂಬುದು ನಾವು ಅವನಿಗೆ ಹೇಳಿದ ಕಾರಣ. ಹೇಳದ ಕಾರಣ ಬೇರೆ ಇತ್ತು. ಗಡ್ಡ ಬಿಟ್ಟು, ಟೋಪಿ ಹಾಕಿದ ಮುದುಕರೊಬ್ಬರು ಎದೆಯ ತುಂಬ ಉಬ್ಬಿದ ಜೇಬುಗಳ ಮಿಲಿಟರಿ ಬಣ್ಣದ ಅಂಗಿ ತೊಟ್ಟು ಬಸ್ಸಿನಲ್ಲಿ, ಮೆಟ್ರೋದಲ್ಲಿ, ಮಾಲಿನ ಬಾಗಿಲಲ್ಲಿ ನಿಂತರೆ ಜನ ಹೇಗೆ ನೋಡಿಯಾರು ಎಂಬ ಅಳುಕು. ಯಾರೂ ಏನೂ ಅಂದಿರಲಿಲ್ಲ. ಅನ್ನುವ ಮೊದಲೇ ನಾವು ನಮ್ಮ ತಂದೆಯನ್ನು ಬೇರೆಯವರ ಕಣ್ಣಿನಿಂದ ತಪಾಸಣೆ ಮಾಡಿ ಮುಗಿಸಿದ್ದೆವು. ಮನೆಗೆ ಬಂದು ತಡೆಯಲಾರದೆ ಇದನ್ನು ಅಬ್ಬಾಗೆ ಹೇಳಿದೆವು. ಅವರು ನಕ್ಕರು. “ಬೇಟಾ, ನಲವತ್ತು ವರ್ಷ ಜನರ ಎದೆ ಸೊಂಟ ಮುಟ್ಟಿ ಅಳತೆ ತಗೊಂಡವನು ನಾನು. ಯಾರಾದರೂ ನನ್ನ ಜೇಬು ಮುಟ್ಟಿ ನೋಡಿದರೆ ನನಗೇನು ನಾಚಿಕೆ? ಆದರೆ ಆ ಬಣ್ಣ ಬೇಡ. ಬಿಸಿಲು ಹೀರುತ್ತದೆ” ಎಂದರು. ನಮ್ಮ ಅಳುಕು ಅಷ್ಟಕ್ಕೇ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಆದರೆ ಅಂಗಿ ಆರಿಸುವ ಕೆಲಸವನ್ನು ಅದರ ಕೈಗೆ ಕೊಡಬಾರದೆಂದು ಗೊತ್ತಾಯಿತು.

ಮುಂದಿನ ಸಲ ಅಬ್ಬಾರನ್ನೇ ಕರೆದುಕೊಂಡು ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೆ ಹೋದೆವು. ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೇಬಿಗೆ ಹೋಗಬೇಕಾದ ಅಷ್ಟೂ ಸಾಮಾನು. ಇದು ಅಬ್ಬಾರ ಉಪಾಯ. ಖಾಲಿ ಅಂಗಿ ಎಲ್ಲರಿಗೂ ಚೆನ್ನಾಗಿ ಕೂರುತ್ತದೆ, ತುಂಬಿಸಿ ನೋಡಬೇಕು ಎಂದರು. ಕನ್ನಡಿಯ ಮುಂದೆ ನಿಂತು ಒಂದೊಂದೇ ಜೇಬು ತುಂಬಿದರು. ಬಗ್ಗಿದರು. ಮೊದಲ ಅಂಗಿಯ ಮೇಲ್ಜೇಬಿನಿಂದ ಕನ್ನಡಕ ಜಾರಿ ಬಿತ್ತು, ಅದು ತಿರಸ್ಕೃತ. ಎರಡನೆಯದರ ಜೇಬಿನ ಮೇಲೆ ಜೇಬು, ಅದರ ಮೇಲೆ ಇನ್ನೊಂದು ಜೇಬು. “ಒಳಗಿನದರಿಂದ ಏನಾದರೂ ತೆಗೆಯಬೇಕಾದರೆ ಹೊರಗಿನದನ್ನು ಖಾಲಿ ಮಾಡಬೇಕು. ಕೈ ನಡುಗುವಾಗ ಆಗುತ್ತದೆಯೇ?” ಅದೂ ಹೋಯಿತು. ಮೂರನೆಯದರಲ್ಲಿ ಎಲ್ಲಾ ಭಾರ ಕತ್ತಿನ ಹಿಂದೆ ಒಂದು ಸಣ್ಣ ಪಟ್ಟಿಯ ಮೇಲೆ ಬೀಳುತ್ತಿತ್ತು. ಭಾರ ಹೊರಬೇಕಾದದ್ದು ಭುಜ, ಕತ್ತಲ್ಲ ಎಂದು ಅಬ್ಬಾ ಅಂಗಡಿಯ ಹುಡುಗನಿಗೆ ಪಾಠ ಹೇಳಿದರು. ಆ ಹುಡುಗ ಬೇಸರಪಡದೆ ಕೇಳಿದ್ದು ಅವನ ದೊಡ್ಡತನ.

ನಾಲ್ಕನೆಯದು ಮಣ್ಣಿನ ಬಣ್ಣದ್ದು. ತೆಳು ನೈಲಾನು, ಬೆನ್ನಿಗೆ ಗಾಳಿಯಾಡುವ ಬಲೆ. ಒದ್ದೆಯಾದರೆ ಬೇಗ ಒಣಗುತ್ತದೆ, ಕಾಟನ್ನಿನ ಹಾಗೆ ನೀರು ಕುಡಿದು ಮೈಮೇಲೆ ಕೂರುವುದಿಲ್ಲ. ಜಿಪ್ಪು ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯದು. ಅಬ್ಬಾ ಅಂಗಿಯನ್ನು ಒಳಗುಹೊರಗು ಮಾಡಿ ಕನ್ನಡಕ ಏರಿಸಿ ನೋಡಿದರು. ಜೇಬಿನ ಮೂಲೆಗಳಲ್ಲಿ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿ ಬಿಗಿ ಮಾಡಿದ್ದಾರೋ ಇಲ್ಲವೋ ಎಂದು ಉಗುರಿನಿಂದ ಕೆರೆದರು. ಜೇಬು ಹರಿಯುವುದು ಮೂಲೆಯಿಂದಲೇ ಅಂತೆ. ಷರಟಿನ ಮೇಲೆ ಹಾಕುವುದೆಂದು ಒಂದು ಅಳತೆ ದೊಡ್ಡದು ತೆಗೆದೆವು. ಇದು ಮುಳುಗದಂತೆ ಕಾಯುವ ಅಂಗಿಯಲ್ಲ, ಜೇಬು ತುಂಬಿಕೊಂಡು ಆಳದ ನೀರಿಗೆ ಇಳಿಯಬಾರದು ಎಂದು ನಾವು ಹೇಳಿದೆವು. “ಗಾಳದವನು ನೀರಿಗಿಳಿಯುವುದಿಲ್ಲ, ಮೀನನ್ನು ಮೇಲೆ ತರುತ್ತಾನೆ” ಎಂದು ಉತ್ತರ ಬಂತು.

ಆದರೂ ಅವರಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ. ಎಡ ಎದೆಯ ಮೇಲಿನ ಜೇಬಿಗೆ ವೆಲ್ಕ್ರೋ ಪಟ್ಟಿ ಇತ್ತು. ಗಾಳದ ಕೊಕ್ಕೆ, ನೂಲಿನ ಎಳೆ ಎಲ್ಲವೂ ಅದಕ್ಕೆ ಅಂಟುತ್ತವೆ, ಬಿಡಿಸಲು ಎರಡು ಕೈ ಬೇಕು. ಗ್ಲೂಕೋಸ್ ಇರಬೇಕಾದ ಜೇಬೇ ಅದು. ಮನೆಗೆ ಬಂದ ರಾತ್ರಿ ಅಬ್ಬಾ ಹಳೆಯ ಟ್ರಂಕು ತೆರೆಸಿ ತಮ್ಮ ಅಬ್ಬಾರ ಸದ್ರಿ ತೆಗೆಸಿದರು. ಕುರ್ತಾದ ಮೇಲೆ ನಮ್ಮ ಹಿರಿಯರು ತೊಡುತ್ತಿದ್ದ ತೋಳಿಲ್ಲದ ಅಂಗಿಯದು. ಅರಬ್ಬಿಯಲ್ಲಿ ‘ಸದ್ರ್’ ಎಂದರೆ ಎದೆ. ನಾವು ಕನ್ನಡದಲ್ಲಿ ಹಗಲೂ ರಾತ್ರಿ ಬಳಸುವ ‘ಜೇಬು’ ಕೂಡ ಅರಬ್ಬಿಯಿಂದ ಬಂದದ್ದೇ, ಅಲ್ಲಿ ಅದಕ್ಕೆ ಅಂಗಿಯ ಎದೆಯ ಸೀಳು ಎಂಬ ಅರ್ಥವಿತ್ತು. ಸಂಸ್ಕೃತದ ಗಣಿತಜ್ಞರ ‘ಜೀವಾ’ ಅರಬ್ಬಿಗೆ ಹೋಗಿ ಈ ‘ಜೈಬ್’ ಜೊತೆ ಬೆರೆತು, ಲ್ಯಾಟಿನ್ನಿಗೆ ದಾಟಿ, ನಮ್ಮ ಮಕ್ಕಳು ಗಣಿತದಲ್ಲಿ ಓದುವ ‘ಸೈನ್’ ಆಯಿತಂತೆ. ಅಬ್ಬಾಗೆ ಈ ಪಾಂಡಿತ್ಯ ಬೇಕಿರಲಿಲ್ಲ. ಅವರು ಸದ್ರಿಯ ಒಳಮಗ್ಗುಲು ತೋರಿಸಿದರು. ಎಡ ಎದೆಗೆ, ಅಸ್ತರಿನ ಮೇಲೆ, ಓರೆಯಾಗಿ ಬಾಯಿ ತೆರೆದ ಒಂದು ಜೇಬು. ಗುಂಡಿಯಿಲ್ಲ, ಪಟ್ಟಿಯಿಲ್ಲ. ಬಲಗೈ ಎದೆಯ ಮೇಲಿಟ್ಟರೆ ಬೆರಳು ತಾನಾಗಿ ಅದರೊಳಗೆ ಹೋಗುತ್ತದೆ. ಓರೆಯಾದ್ದರಿಂದ ಬಗ್ಗಿದರೂ ಒಳಗಿದ್ದದ್ದು ಬೀಳುವುದಿಲ್ಲ.

“ಇಂಥದ್ದು ಬೇಕು” ಎಂದರು. ಬೆಳಿಗ್ಗೆ ಗಲ್ಲಿಯ ಟೈಲರಿಗೆ ಕೊಡೋಣ ಎಂದೆವು. ಅಬ್ಬಾ ನಮ್ಮನ್ನು ನೋಡಿದ ನೋಟಕ್ಕೆ ನಾವು ಸುಮ್ಮನಾಗಿ, ಮಂಚದ ಕೆಳಗಿಂದ ಯಂತ್ರ ಎಳೆದು ಕೊಟ್ಟೆವು. ಆರು ವರ್ಷದ ಧೂಳು. ಅಮ್ಮಿ ಎಣ್ಣೆ ಬಿಟ್ಟರು, ಮೊಮ್ಮಗಳು ಸೂಜಿಗೆ ದಾರ ಪೋಣಿಸಿದಳು. ವೆಲ್ಕ್ರೋ ಬಿಚ್ಚಿ, ಹದಿನಾಲ್ಕು ಜೇಬಿನಲ್ಲಿ ಬೇಡದ ಎರಡನ್ನು ಕಿತ್ತು, ಆ ಬಟ್ಟೆಯಲ್ಲೇ ಓರೆ ಜೇಬು ಕತ್ತರಿಸಿದರು. ಕೈ ನಡುಗುತ್ತಿತ್ತು. ಹೊಲಿಗೆ ಎರಡು ಕಡೆ ಸೊಟ್ಟಗಾಯಿತು. ಒಮ್ಮೆ ಬಿಚ್ಚಿ ಮತ್ತೆ ಹಾಕಿದರು. ಇಶಾ ನಮಾಜಿನ ಹೊತ್ತಿಗೆ ಶುರು ಮಾಡಿದ್ದು ಹನ್ನೊಂದಕ್ಕೆ ಮುಗಿಯಿತು. ಬೇಡವೆನ್ನಬೇಕೆಂದು ಅಮ್ಮಿ ಬಾಯಿ ತೆರೆದದ್ದು ಎರಡು ಸಲ, ಅನ್ನಲಿಲ್ಲ.

ಮುಂದಿನ ಭಾನುವಾರ ನಾಷ್ಟಾ ಮುಗಿಸಿ, ಅಂಗಿ ತೊಟ್ಟು ಹೊರಟರು. ಓರೆ ಜೇಬಿನಲ್ಲಿ ಗ್ಲೂಕೋಸಿನ ಪುಟ್ಟ ಪೊಟ್ಟಣ, ಜೊತೆಗೆ ಹತ್ತು ಕಿತ್ತಳೆ ಮಿಠಾಯಿ. ನಾವು ಎಣಿಸಿಯೇ ಇಟ್ಟಿದ್ದೆವು. ಸಂಜೆ ಅವರು ಮುಖ ತೊಳೆಯಲು ಹೋದಾಗ ಕಳ್ಳರ ಹಾಗೆ ಜೇಬು ನೋಡಿದೆವು. ಮಿಠಾಯಿ ನಾಲ್ಕೇ ಉಳಿದಿದ್ದವು. ಎದೆ ಧಸಕ್ಕೆಂದಿತು. ಯಂತ್ರ ತೆಗೆದು ಆ ದಿನದ ಲೆಕ್ಕ ನೋಡಿದರೆ 118, 131. ಎಲ್ಲ ಸರಿಯಾಗಿತ್ತು.

“ಅಬ್ಬಾ, ಆರು ಮಿಠಾಯಿ ಏನಾದವು?”

“ಹೊಂಡದ ಹತ್ತಿರ ಹುಡುಗರಿದ್ದರು. ಇಷ್ಟೊಂದು ಜೇಬು ನೋಡಿ, ತಾತಾ ಇದರಲ್ಲೆಲ್ಲಾ ಏನಿದೆ ಅಂತ ಕೇಳಿದರು. ತೋರಿಸಿದೆ.”

ಮೀನು ಸಿಕ್ಕಿರಲಿಲ್ಲ. ಅಬ್ಬಾ ಕತೆ ಹೇಳಲು ಕೂತರು. ನಾವು ಕೇಳುತ್ತಲೇ ಡಬ್ಬಿ ತೆರೆದು, ಈ ಸಲ ಇಪ್ಪತ್ತು ಮಿಠಾಯಿ ಎಣಿಸಿ ಜೇಬಿಗೆ ತುಂಬಿದೆವು.