ಗುಂಡ್ಯಾನ ತಾಟು

ನಮ್ಮ ಸುರಪುರದ ಮನೆಯಲ್ಲಿ ಮೊಟ್ಟೆ ಒಡೆಯುವುದಿಲ್ಲ. ಬರ್ತ್‌ಡೇ ಕೇಕ್ ಕೂಡ ಡಬ್ಬಿಯ ಮೇಲೆ ‘ಎಗ್‌ಲೆಸ್’ ಅಂತ ಬರೆದಿದ್ದರಷ್ಟೇ ಹೊಸ್ತಿಲು ದಾಟುತ್ತದೆ. ಅಂಥ ಮನೆಗೆ ಒಂದು ಮಳೆಗಾಲದ ಸಂಜೆ ಅಂಗೈಯಗಲದ ಬೆಕ್ಕಿನ ಮರಿಯೊಂದು ತಾನಾಗಿಯೇ ನಡೆದು ಬಂತು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಮೀಟಿಂಗಿನಲ್ಲಿದ್ದ ನನ್ನ ಕಾಲ ಮೇಲೆ ಹತ್ತಿ ಮಲಗಿತು. ಅವ್ವ ಎರಡು ದಿನ ಬೈದಳು. ಮೂರನೇ ದಿನ ತಾನೇ ‘ಗುಂಡ್ಯಾ’ ಅಂತ ಹೆಸರಿಟ್ಟಳು.

ಹೆಸರಿಟ್ಟ ಮೇಲೆ ಊಟದ ಪ್ರಶ್ನೆ. ಅವ್ವನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಜೋಳದ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿ ಇಟ್ಟಳು. “ನಮ್ಮ ಅತ್ತಿ ಕಾಲದಾಗಿಂದ ಬೆಕ್ಕಿಗೆ ಇದನ್ನ ಹಾಕ್ಕೋತ ಬಂದೀವಿ. ಒಂದ್ ಬೆಕ್ಕರ ಸತ್ತದೇನು?” ಗುಂಡ್ಯಾ ತಿಂದ. ಮರುದಿನ ಭೇದಿ ಮಾಡಿಕೊಂಡ. ಬೆಕ್ಕು ದೊಡ್ಡದಾಗುತ್ತ ಹೋದಂತೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಕರಗಿಸುವ ಶಕ್ತಿ ಬಹುತೇಕ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ ಅಂತ ಫೋನಿನಲ್ಲಿ ಓದಿ ಹೇಳಿದೆ. ಬಿಸಿ ರೊಟ್ಟಿಯ ಮುಟಗಿ ಮಾಡಿದ ದಿನ ಅದಕ್ಕೂ ಒಂದು ತುತ್ತು ಹಾಕಲು ಹೋದಾಗ ಕೈ ಹಿಡಿದೆ. ಮುಟಗಿಯಲ್ಲಿ ಬೆಳ್ಳುಳ್ಳಿ ಇರುತ್ತದಲ್ಲ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಭಾಳ ಶಾಣ್ಯಾಕಿ ಆಗೀದಿ. ನೀನ ಹಾಕು ಹಂಗಾರ.”

ಸರಿ, ನಾನೇ ಹಾಕಿದೆ. ಕಥೆ ಇರುವುದೇ ಇಲ್ಲಿ.

ಬೆಂಗಳೂರಿನಲ್ಲಿರುವ ನಿಮಗೆ ಹತ್ತು ನಿಮಿಷದಲ್ಲಿ ಆ್ಯಪ್‌ನವನು ಬಾಗಿಲಿಗೆ ಕ್ಯಾಟ್‌ಫುಡ್ ತಂದು ಕೊಡುತ್ತಾನೆ. ನಾನು ಕೆಲಸಕ್ಕೆಂದು ಯಾದಗಿರಿಗೆ ಹೋದಾಗ ಅಲ್ಲೊಂದು ಅಂಗಡಿ ಹುಡುಕಿದೆ. ಮೀನಿನ ತೊಟ್ಟಿ, ಗಿಣಿ ಪಂಜರ, ನಾಯಿ ಬೆಲ್ಟು ಎಲ್ಲ ತೂಗುಬಿಟ್ಟ ಅಂಗಡಿ. ದೊಡ್ಡ ಚೀಲದಿಂದ ಕಿಲೋ ಲೆಕ್ಕದಲ್ಲಿ ಒಣ ಕಾಳು ತೂಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ಮೀನಿನಾಕಾರದ, ಕೆಂಪು, ಹಸಿರು, ಹಳದಿ ಕಾಳು. ನನಗೆ ಬಲು ಹೆಮ್ಮೆ. ಮನೆಗೆ ಬಂದು ಅವ್ವನ ಮುಂದೆ ಅಲ್ಲಾಡಿಸಿ, “ಇದು ಸೈಂಟಿಫಿಕ್ ಊಟ” ಅಂದೆ. ಗುಂಡ್ಯಾ ಕಟಕಟ ಅಂತ ತಿಂದ. ವಾಸನೆ ಬಿಟ್ಟರೆ ಅವ್ವನಿಗೂ ಅನುಕೂಲವೇ ಆಗಿತ್ತು. ಅದು ಮಾಂಸ ಅಂತ ನೋಡಿದರೆ ಗೊತ್ತಾಗುವಂತಿರಲಿಲ್ಲ, ಅವ್ವ ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದೂವರೆ ವರ್ಷ ಹೀಗೇ ನಡೆಯಿತು. ಗುಂಡ್ಯಾ ಹೆಸರಿಗೆ ತಕ್ಕಂತೆ ಗುಂಡಗಾದ.

ನಮ್ಮ ಕಡೆಯ ಮೇ ತಿಂಗಳು ನಿಮಗೆ ಗೊತ್ತಿದೆಯೋ ಇಲ್ಲವೋ. ಸುರಪುರ ಸುತ್ತ ಕಲ್ಲಿನ ಗುಡ್ಡಗಳಿರುವ ಊರು. ಹಗಲೆಲ್ಲ ಕಾದ ಬಂಡೆ ರಾತ್ರಿಯಿಡೀ ಬಿಸಿ ಕಕ್ಕುತ್ತದೆ. ಅಂಥ ಒಂದು ಮಧ್ಯಾಹ್ನ ಗುಂಡ್ಯಾ ಉಸುಕಿನ ಬುಟ್ಟಿಗೆ ಹೋಗಿ ಕೂತ, ಎದ್ದ, ಮತ್ತೆ ಹೋಗಿ ಕೂತ. ಮುಕ್ಕರಿದ. ಅಳುವ ಮಗುವಿನಂತೆ ಕೂಗಿದ. “ಹೊಟ್ಟಿ ಕಟ್ಟೇದ, ಔಡಲೆಣ್ಣಿ ಹಾಕೂಣು” ಅಂದಳು ಅವ್ವ. ನಾನೂ ಹಾಗೇ ಇರಬಹುದು ಅಂದುಕೊಂಡು ಒಂದು ಕಾಲ್ ಮುಗಿಸಲು ಹೋದೆ. ಸಂಜೆಗೆ ಅದು ಬಚ್ಚಲ ಮೂಲೆಯಲ್ಲಿ ಬಿದ್ದಿತ್ತು. ಹೊಟ್ಟೆಯ ಕೆಳಗೆ ಕೈ ಇಟ್ಟರೆ ನಿಂಬೆಹಣ್ಣಿನಂಥ ಗಟ್ಟಿ ಗಂಟು. ಮುಟ್ಟಿದ ಕೂಡಲೇ ಚೀರಿತು.

ಹೊಟ್ಟೆ ಕಟ್ಟಿರಲಿಲ್ಲ. ಮೂತ್ರ ಕಟ್ಟಿತ್ತು.

ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದೆ. ಅವರು ದಿನವಿಡೀ ಎಮ್ಮೆ, ಕುರಿ, ಆಡು ನೋಡುವವರು. ಮುಚ್ಚುಮರೆ ಇಲ್ಲದೆ ಹೇಳಿದರು: “ನನ್ನ ಹತ್ರ ಬೆಕ್ಕಿಗೆ ಹಾಕೋವಷ್ಟು ಸಣ್ಣ ನಳಿಗಿ ಇಲ್ಲಮ್ಮ. ಗಂಡು ಬೆಕ್ಕಿಗೆ ಹಿಂಗಾದ್ರ ಒಂದೆರಡು ದಿನದಾಗ ಜೀವ ಹೋಗ್ತದ. ಮುಂಜಾನಿತನಕ ಕಾಯಬ್ಯಾಡ್ರಿ, ಕಲಬುರಗಿಗೆ ನಡೀರಿ.”

ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿಗೂ ಹೆಚ್ಚು. ಪಕ್ಕದ ಮನೆಯವರ ಕಾರು ಸಿಕ್ಕಿತು. ಶಹಾಪುರ, ಜೇವರ್ಗಿ ದಾಟಿ ಹೋಗುವವರೆಗೆ ಹಣ್ಣಿನ ಬುಟ್ಟಿಯೊಳಗೆ ಗುಂಡ್ಯಾ, ಬುಟ್ಟಿಯ ಮೇಲೆ ಅವ್ವನ ಕೈ. ಬಾ ಅಂತ ನಾನು ಕರೆದಿರಲಿಲ್ಲ. ಸೆರಗು ಸಿಗಿಸಿಕೊಂಡು ತಾನೇ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಜೇವರ್ಗಿ ಬಂದಾಗ ಒಮ್ಮೆ ಮಾತ್ರ, “ಉಸುರು ಅದ” ಅಂದಳು.

ಅಲ್ಲಿನ ಡಾಕ್ಟರ್ ಮಂಪರು ಬರಿಸಿ, ಸಣ್ಣ ನಳಿಕೆ ತೂರಿಸಿ ಮೂತ್ರ ತೆಗೆದರು. ಕೆಂಪು ಬಣ್ಣದ ಮೂತ್ರ, ತಳದಲ್ಲಿ ಉಸುಕಿನಂಥ ಹರಳು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು, ಇಷ್ಟು ಹರಳು ಸಾಕು, ಬೂಚು ಬಡಿದಂತೆ. ಮೂತ್ರ ಹಿಂದಕ್ಕೆ ಒತ್ತಿದರೆ ಕಿಡ್ನಿ ಸೋಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಇದನ್ನೆಲ್ಲ ಸಲೈನ್ ಹಚ್ಚುತ್ತಲೇ ಹೇಳಿದರು. ಆಮೇಲೆ ಕೇಳಿದರು:

“ಏನು ತಿನ್ನಸ್ತೀರಿ?”

“ಕ್ಯಾಟ್‌ಫುಡ್, ಸರ್.”

“ಯಾವುದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೂವರೆ ವರ್ಷ ನನ್ನ ಬೆಕ್ಕು ತಿಂದ ಆಹಾರದ ಹೆಸರು, ಅದರಲ್ಲಿ ಏನಿತ್ತು, ಚೀಲ ಯಾವಾಗ ಒಡೆದದ್ದು, ಎಕ್ಸ್‌ಪೈರಿ ಯಾವಾಗ, ಒಂದೂ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು. ಮೀನಿನಾಕಾರ ಗೊತ್ತಿತ್ತು. ನಾನು ಫೋನಿನ ಕವರ್ ಕೊಳ್ಳಲಿಕ್ಕೂ ಇಪ್ಪತ್ತು ರಿವ್ಯೂ ಓದುವವಳು.

ಊಟದಿಂದಲೇ ಹೀಗಾಯಿತು ಅಂತ ಡಾಕ್ಟರ್ ಹೇಳಲಿಲ್ಲ. ಬಿಸಿಲು, ಕಡಿಮೆ ನೀರು, ಬೊಜ್ಜು, ಹೆದರಿಕೆ, ಎಲ್ಲ ಸೇರುತ್ತವೆ ಅಂದರು. ಆದರೆ ಒಂದು ಲೆಕ್ಕ ಕೊಟ್ಟರು, ಅದು ತಲೆಯಲ್ಲಿ ಉಳಿಯಿತು. ಇಲಿಯ ಮೈಯಲ್ಲಿ ಸುಮಾರು 70 ಭಾಗ ನೀರೇ. ಒಣ ಕಾಳಿನಲ್ಲಿ 10 ಭಾಗ. ಬೆಕ್ಕು ಮರುಭೂಮಿಯ ಕಾಡುಬೆಕ್ಕಿನ ವಂಶದ್ದು, ಬೇಟೆಯ ಮೈಯಿಂದಲೇ ನೀರು ಪಡೆದು ಬದುಕಿದ್ದು. ಬಟ್ಟಲಲ್ಲಿ ನೀರಿಟ್ಟರೂ ಕೊರತೆ ತುಂಬುವಷ್ಟು ಕುಡಿಯುವ ಬುದ್ಧಿ ಅದಕ್ಕಿಲ್ಲ.

ಅವ್ವ ಕೇಳಿಸಿಕೊಳ್ಳುತ್ತಿದ್ದಳು. “ಹಂಗಾರ ನನ್ನ ಹಾಲು-ರೊಟ್ಟಿ ಛಲೋ ಇತ್ತಲ್ರಿ?” ಡಾಕ್ಟರ್ ನಕ್ಕರು. “ನೀರಿನ ಮಟ್ಟಿಗೆ ಛಲೋ ಇತ್ತು ತಾಯಿ. ಆದ್ರ ಬೆಕ್ಕು ಹಾಲು-ರೊಟ್ಟಿ ಮ್ಯಾಲ ಬದಕಂಗಿಲ್ಲ.”

“ನಮ್ಮ ಅತ್ತಿ ಬೆಕ್ಕು ಬದಕಿತ್ತಲ್ರಿ ಹನ್ನೆರಡು ವರ್ಷ!”

ಮರುದಿನ ಗುಂಡ್ಯಾ ಆಸ್ಪತ್ರೆಯಲ್ಲಿ, ನಾವು ಹೊರಗಿನ ಬೆಂಚಿನಲ್ಲಿ. ಅವ್ವನ ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. ಅಜ್ಜಿಯ ಹಳ್ಳಿಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ, ಮಾಡಿನ ಕೆಳಗೆ ತೊಗರಿ, ಹಿತ್ತಲಲ್ಲಿ ಕಣಿಕೆ. ಜೋಳ ಇದ್ದಲ್ಲಿ ಇಲಿ. ಅಜ್ಜಿಯ ಬೆಕ್ಕು ಹಗಲು ಹಾಲು-ರೊಟ್ಟಿ ನೆಕ್ಕಿ, ರಾತ್ರಿ ಹೊಟ್ಟೆ ತುಂಬ ಉಣ್ಣುತ್ತಿತ್ತು. ಹಾಲು ಅದಕ್ಕೆ ಟೀ ಇದ್ದಂತೆ, ಊಟವಲ್ಲ. ಈಗ ನಮ್ಮ ಮನೆಯಲ್ಲಿ ಆರ್‌ಸಿಸಿ ಮಾಡು, ಕಿಟಕಿಗೆ ಜಾಳಿಗೆ, ಹತ್ತು ಕಿಲೋ ಅಕ್ಕಿ, ಐದು ಕಿಲೋ ಜೋಳದ ಹಿಟ್ಟಿನ ಪ್ಯಾಕೆಟ್. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಹೊಲಗಳು ಜೋಳದಿಂದ ಭತ್ತಕ್ಕೆ ತಿರುಗಿವೆ. ಹಗೇವು ಏನು ಅಂತ ನನ್ನ ಅಣ್ಣನ ಮಗನಿಗೆ ಚಿತ್ರ ಬರೆದು ತೋರಿಸಬೇಕು. ಗುಂಡ್ಯಾ ಹುಟ್ಟಿನಿಂದ ಒಂದು ಇಲಿಯನ್ನೂ ಕಂಡಿಲ್ಲ. ಅಜ್ಜಿಯ ಮನೆಯಲ್ಲಿ ಇಲಿ ಮಾಡುತ್ತಿದ್ದ ಕೆಲಸ ನಮ್ಮಲ್ಲಿ ತಾಟು ಮಾಡಬೇಕು.

ಆ ಕೆಲಸ ಏನು ಅಂತ ಆಮೇಲೆ ಕೂತು ಓದಿದೆ. ಟಾರಿನ್ ಅಂತ ಒಂದು ಪೋಷಕಾಂಶ. ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಪ್ರಕೃತಿಯಲ್ಲಿ ಅದು ಇರುವುದು ಮಾಂಸ, ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣಿನ ರೆಟಿನಾ ಹಾಳು, ಹೃದಯ ಸಡಿಲು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಪಶುವೈದ್ಯರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಅಂಗಡಿಯ ಆಹಾರವನ್ನೇ ತಿಂದು ಹೃದಯ ಸೋತ ಬೆಕ್ಕುಗಳಿಗೆ ಟಾರಿನ್ ಕೊಟ್ಟಾಗ ಚೇತರಿಸಿಕೊಂಡವು. ಆ ನಂತರವೇ ಕಂಪನಿಗಳು ಟಾರಿನ್ ಹೆಚ್ಚಿಸಿದ್ದು. ಕ್ಯಾರೆಟ್ಟಿನ ಬಣ್ಣವನ್ನು ವಿಟಮಿನ್ ಎ ಮಾಡಿಕೊಳ್ಳಲೂ ಬೆಕ್ಕಿಗೆ ಬರುವುದಿಲ್ಲ. ಸಿಹಿ ಅದರ ನಾಲಗೆಗೆ ತಿಳಿಯುವುದೇ ಇಲ್ಲ. ಹಾಗಾದರೆ ಆ ಕೆಂಪು-ಹಸಿರು ಬಣ್ಣ? ಅದು ನನಗೋಸ್ಕರ ಹಾಕಿದ್ದು.

ಈಗ ಪ್ಯಾಕೆಟ್ ಓದಲು ಕಲಿತಿದ್ದೇನೆ. ಮೊದಲು ನೋಡುವುದು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಅಂತ ಇದೆಯೋ, ‘ಕಾಂಪ್ಲಿಮೆಂಟರಿ’ ಅಥವಾ ‘ಟ್ರೀಟ್’ ಅಂತಲೋ. ಎರಡನೆಯದು ಮಿರ್ಚಿ ಭಜಿ ಇದ್ದಂತೆ, ಅದೇ ಊಟವಾಗಬಾರದು. ಆಮೇಲೆ ಮರಿಗೋ ದೊಡ್ಡ ಬೆಕ್ಕಿಗೋ. ಆಮೇಲೆ ಪದಾರ್ಥಗಳ ಪಟ್ಟಿ: ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ, ಅಲ್ಲಿ ಮಾಂಸ ಅಥವಾ ಮೀನು ಇರಬೇಕು. ಆಮೇಲೆ ಟಾರಿನ್.

ಪ್ರೊಟೀನ್ ಅಂಕಿಯಲ್ಲಿ ಮೋಸಹೋಗುವುದು ಸುಲಭ. ಒಣ ಕಾಳಿನ ಚೀಲದ ಮೇಲೆ 30 ಪರ್ಸೆಂಟ್, ವೆಟ್ ಫುಡ್ ಪೌಚ್ ಮೇಲೆ ಬರೀ 8 ಪರ್ಸೆಂಟ್ ಅಂತಿರುತ್ತದೆ. ನಾನು ಮೊದಲು ಪೌಚ್ ವಾಪಸ್ ಇಟ್ಟಿದ್ದೆ. ನೀರು ತೆಗೆದು ಲೆಕ್ಕ ಹಾಕಬೇಕಂತೆ. ಪೌಚ್‌ನಲ್ಲಿ 82 ಭಾಗ ನೀರಿದ್ದರೆ ಉಳಿದ 18ರಲ್ಲಿ 8, ಅಂದರೆ 44 ಪರ್ಸೆಂಟ್. ಕಾಳಿನಲ್ಲಿ 90ರಲ್ಲಿ 30, ಅಂದರೆ 33. ದುಬಾರಿಯದೇ ಒಳ್ಳೆಯದು ಅಂತಲ್ಲ, ಒಳ್ಳೆಯ ಕಾಳೂ ಇವೆ. ಆದರೆ ಸೀಲ್ ಇರುವ ಸಣ್ಣ ಪ್ಯಾಕೆಟ್ ಬೇಕು. ಒಡೆದ ಚೀಲದಲ್ಲಿ ನಮ್ಮ ಬಿಸಿಲಿಗೆ ಕೊಬ್ಬು ಕಮಟುತ್ತದೆ. ನಾಯಿ ಕಾಳು ಹಾಕಿದರೂ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ನಡೆಯುವುದಿಲ್ಲ, ನಾಯಿಯ ಮೈ ಟಾರಿನ್ ತಾನೇ ಮಾಡಿಕೊಳ್ಳಬಲ್ಲದು.

ಮನೆಗೆ ಬರುವಾಗ ಮುಂಜಾನೆ. ಶಹಾಪುರದ ಗುಡ್ಡದ ಮೇಲೆ ಮಲಗಿದ ಬುದ್ಧ ತಣ್ಣಗೆ ಮಲಗಿದ್ದ. ಆಗ ಅವ್ವ ಕೇಳಿದಳು, “ಹಸರು ಚುಕ್ಕಿದು ಸಿಗಂಗಿಲ್ಲೇನು?” ಸಸ್ಯಾಹಾರದ ಕ್ಯಾಟ್‌ಫುಡ್. ನಾನೂ ಡಾಕ್ಟರಿಗೆ ಅದನ್ನೇ ಕೇಳಿದ್ದೆ. ಟಾರಿನ್ನನ್ನು ಲ್ಯಾಬಿನಲ್ಲಿ ಮಾಡಿ ಬೆರೆಸಬಹುದು, ಆದರೆ ಕಾಳು-ಕಡಿ ಹೆಚ್ಚಾದ ಊಟದಿಂದ ಬೆಕ್ಕಿನ ಮೂತ್ರ ಕ್ಷಾರವಾಗುತ್ತದೆ, ಗುಂಡ್ಯಾನಿಗೆ ಆಗಿದ್ದ ಹರಳು ಕಟ್ಟುವುದೇ ಅಂಥ ಮೂತ್ರದಲ್ಲಿ, ಸಾವಿನ ಬಾಗಿಲು ನೋಡಿ ಬಂದ ಬೆಕ್ಕಿನ ಮೇಲೆ ಆ ಪ್ರಯೋಗ ಬೇಡ ಅಂದಿದ್ದರು. ಅದನ್ನೇ ಹೇಳಿದೆ. ಅವ್ವ ಸುಮ್ಮನಾದಳು.

ಮನೆ ಮುಟ್ಟಿ ಸ್ನಾನ ಮಾಡಿ ಬಂದವಳೇ ಅಟ್ಟದಿಂದ ಒಂದು ಹಳೇ ಸ್ಟೀಲ್ ತಾಟು ತೆಗೆದಳು. ಅಂಚಿಗೆ ಅಪ್ಪನ ಹೆಸರು ಕೊರೆದಿದ್ದ ತಾಟು. ಹಿತ್ತಲ ಕಟ್ಟೆಯ ಮೇಲಿಟ್ಟಳು. “ಇದು ಇನ್ನ ಅಡಗಿಮನ್ಯಾಗ ಬರಂಗಿಲ್ಲ. ತೊಳಿಯೂದು ನೀನು. ಅದರ ಧರ್ಮ ಅದಕ್ಕ, ನಮ್ಮದು ನಮಗ. ಹಾಲು ಕುಡಸಿ ಕೊಂದರ ಯಾವ ದೇವ್ರು ಮೆಚ್ಚತಾನ?”

ಹೊಸ ಊಟಕ್ಕೆ ಗುಂಡ್ಯಾ ಮೊದಲು ಮೂಗು ತಿರುಗಿಸಿದ. “ಹಸದರ ತಾನ ತಿಂತಾನ” ಅನ್ನುವುದು ಬೆಕ್ಕಿನ ವಿಷಯದಲ್ಲಿ ಅಪಾಯ. ಎರಡು-ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕು, ಲಿವರಿಗೆ ಕೊಬ್ಬು ತುಂಬಿಕೊಂಡು ಮತ್ತೆ ಆಸ್ಪತ್ರೆ. ಹಳೆಯದರ ಜೊತೆ ಹೊಸದು ಬೆರೆಸುತ್ತ ಹತ್ತು ದಿನದಲ್ಲಿ ದಾರಿಗೆ ತಂದೆವು. ಈಗ ದಿನಕ್ಕೆ ಎರಡು ಪೌಚ್, ಡಾಕ್ಟರ್ ಬರೆದುಕೊಟ್ಟ ಕಾಳು ಒಂದು ಹಿಡಿ, ಮನೆಯ ಮೂರು ಕಡೆ ಮಣ್ಣಿನ ಪರಿಯಾಣದಲ್ಲಿ ನೀರು. ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಓಟಿಟಿಗಳನ್ನು ನಿಲ್ಲಿಸಿದ್ದೇನೆ.

ಜುಲೈನಲ್ಲಿ ಆಫೀಸಿನವರು ಮೂರು ವಾರ ಬೆಂಗಳೂರಿಗೆ ಕರೆಸಿಕೊಂಡರು. ತಾಟು ಯಾರು ತೊಳೆಯುತ್ತಾರೆ ಅನ್ನುವ ಚಿಂತೆ. ಪಕ್ಕದ ಮನೆ ಹುಡುಗನಿಗೆ ದುಡ್ಡು ಕೊಟ್ಟು ಒಪ್ಪಿಸಿ ಹೋಗಿದ್ದೆ. ಒಂದು ವಾರದ ಮೇಲೆ ವಿಡಿಯೋ ಕಾಲ್ ಮಾಡಿದರೆ ಹುಡುಗ ಅಜ್ಜನ ಊರಿಗೆ ಹೋಗಿ ನಾಲ್ಕು ದಿನವಾಗಿತ್ತಂತೆ. ಪರದೆಯ ಮೂಲೆಯಲ್ಲಿ ಹಿತ್ತಲ ಕಟ್ಟೆ ಕಾಣುತ್ತಿತ್ತು. ಅವ್ವ ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಪೌಚ್ ಹಿಂಡುತ್ತಿದ್ದಳು.

ನಾನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಕೈ ತೊಳೆದು ಬಂದು ಫೋನ್ ಎತ್ತಿಕೊಂಡವಳು ಊಟ ಆಯಿತಾ ಅಂತ ನನ್ನನ್ನು ಕೇಳುವ ಮೊದಲೇ ವರದಿ ಒಪ್ಪಿಸಿದಳು:

“ಇವತ್ತ ಮುಂಜಾನಿಂದ ಮೂರು ಸಲ ಉಚ್ಚಿ ಹೊಯ್ದಾನ. ನಾನ ನೋಡೀನಿ. ಆರಾಮ ಅದಾನ.”