ಸಂಬಳ ಕೇಳದ ಅರಸರು

ಸತ್ತ ಅರಸರಿಂದ ಒಂದು ದೊಡ್ಡ ಅನುಕೂಲವಿದೆ: ಅವರು ಸಂಬಳ ಕೇಳುವುದಿಲ್ಲ. ಹೊಸ ಕಾರು ಬೇಕು ಅನ್ನುವುದಿಲ್ಲ, ಗಣಿ ಕಂಪನಿಯವರ ಕಾಗದಕ್ಕೆ ಗುಟ್ಟಾಗಿ ಸಹಿ ಹಾಕುವುದಿಲ್ಲ, ಚುನಾವಣೆ ಹತ್ತಿರ ಬಂದಾಗ ಎದುರು ಪಕ್ಷದ ವೇದಿಕೆ ಹತ್ತುವುದಿಲ್ಲ. ಮಂತ್ರಿಮಹೋದಯರಿಗೆ ಬದುಕಿರುವ ರಾಜರಿಗಿಂತ ಸತ್ತವರ ಮೇಲೆ ಒಂದು ಹಿಡಿ ಪ್ರೀತಿ ಜಾಸ್ತಿ ಇರುವುದು ಇದಕ್ಕೇ ಇರಬೇಕು.

ದಕ್ಷಿಣ ಆಫ್ರಿಕಾದ ರೋಸೆನೆಕಾಲ್ ಎಂಬ ಪುಟ್ಟ ಊರಿನ ಬಳಿಯ ಗುಹೆಗಳ ಹತ್ತಿರ ಡಿಸೆಂಬರ್ 19ರಂದು ಎನ್‌ಡೆಬೆಲೆ ಜನ ಸೇರುತ್ತಾರೆ. ಅವರ ಅರಸ ನ್ಯಾಬೆಲಾ ತೀರಿಕೊಂಡ ದಿನ ಅದು, 1902ನೇ ಇಸವಿ. ಮಣಿಗಳ ಆಭರಣ, ಪಟ್ಟೆ ಪಟ್ಟೆಯ ಕಂಬಳಿ, ಕುಣಿತ, ಆಮೇಲೆ ಭಾಷಣ. ಸಂಪ್ರದಾಯಕ್ಕೂ ಪ್ರಜಾಪ್ರಭುತ್ವಕ್ಕೂ ನಂಟು ಹಾಕುವ ಮಾತು ಆ ಭಾಷಣಗಳಲ್ಲಿ ಬರದೇ ಇರುವುದಿಲ್ಲ. ಇತಿಹಾಸ ಓದಿದವರಿಗೆ ಎನ್‌ಡೆಬೆಲೆ ಅಂದ ಕೂಡಲೇ ಜಿಂಬಾಬ್ವೆಯ ಅರಸರಾದ ಮ್ಜಿಲಿಕಾಜಿ, ಲೊಬೆಂಗುಲಾ ನೆನಪಾಗಬಹುದು. ಅವರ ಕತೆ ಬೇರೆ. ಇವರು ಪ್ರಿಟೋರಿಯಾದ ಉತ್ತರಕ್ಕೂ ಪೂರ್ವಕ್ಕೂ ಹರಡಿರುವ, ಅವರಿಗಿಂತ ಎಷ್ಟೋ ಮೊದಲೇ ಅಲ್ಲಿ ನೆಲೆಯೂರಿದ ಜನ.

ನ್ಯಾಬೆಲಾ ಮಾಡಿದ್ದಾದರೂ ಏನು? ಒಬ್ಬನಿಗೆ ಆಶ್ರಯ ಕೊಟ್ಟ. 1882ರಲ್ಲಿ ಪಕ್ಕದ ಪೇಡಿ ರಾಜ್ಯದ ಮಂಪುರು ತನ್ನ ಮಲಸೋದರ ಸೆಖುಖುನೆಯನ್ನು ಕೊಂದು ಓಡಿಬಂದ. ಅವನನ್ನು ಒಪ್ಪಿಸು ಎಂದು ಟ್ರಾನ್ಸ್‌ವಾಲಿನ ಬಿಳಿಯ ಬೋಯರ್ ಸರ್ಕಾರ ಹೇಳಿಕಳಿಸಿತು. ಅವನು ನನ್ನ ಹೊಟ್ಟೆಯೊಳಗಿದ್ದಾನೆ, ಬೇಕಿದ್ದರೆ ಬಗೆದು ತೆಗೆದುಕೊಳ್ಳಿ ಎಂದು ನ್ಯಾಬೆಲಾ ಉತ್ತರ ಕೊಟ್ಟನಂತೆ. ಅತಿಥಿ ಸಾಧುಸಂತನೇನೂ ಅಲ್ಲ, ಅಣ್ಣತಮ್ಮನ ರಕ್ತ ಕೈಗೆ ಹತ್ತಿಸಿಕೊಂಡು ಬಂದವನು. ಆದರೂ ಕೊಟ್ಟ ಮಾತು ಕೊಟ್ಟಂತೆ. ಜನರಲ್ ಪೀಟ್ ಜೂಬರ್ಟನ ಸೈನ್ಯ ಗುಹೆಗಳನ್ನು ಮುತ್ತಿತು, ಬೆಳೆ ಸುಟ್ಟಿತು, ದನ ಹೊಡೆದುಕೊಂಡು ಹೋಯಿತು, ಬಂಡೆಗಳಿಗೆ ಡೈನಮೈಟ್ ಇಟ್ಟಿತು. ಸುಮಾರು ಒಂಬತ್ತು ತಿಂಗಳು ಹೀಗೇ ನಡೆದು, 1883ರ ಜುಲೈ ಹೊತ್ತಿಗೆ ಹಸಿವು ಗೆದ್ದಿತು. ಮಂಪುರುವನ್ನು ಪ್ರಿಟೋರಿಯಾದಲ್ಲಿ ನೇಣಿಗೆ ಹಾಕಿದರು. ನ್ಯಾಬೆಲಾನಿಗೂ ಗಲ್ಲು ವಿಧಿಸಿ, ಆಮೇಲೆ ಜೀವಾವಧಿಗೆ ಇಳಿಸಿದರು. ಅವನು ಸುಮಾರು ಹದಿನೈದು ವರ್ಷ ಜೈಲಿನಲ್ಲಿ ಕಳೆದ.

ಪ್ರಜೆಗಳ ಗತಿ ಇನ್ನೂ ಕಷ್ಟದ್ದು. ನೆಲವನ್ನು ಬೋಯರ್ ಯೋಧರಿಗೆ ಹಂಚಿ, ಅದರ ಒಡೆಯರಾಗಿದ್ದವರನ್ನು ಐದೈದು ವರ್ಷದ ಜೀತದ ಕರಾರಿನ ಮೇಲೆ ತೋಟತೋಟಗಳಿಗೆ ಹಂಚಿದರು. ಈಗ ಜಗತ್ತಿಗೆ ಎನ್‌ಡೆಬೆಲೆ ಅಂದರೆ ನೆನಪಾಗುವ ಗೋಡೆಚಿತ್ರವಿದೆಯಲ್ಲ, ಕಪ್ಪು ಗೆರೆಯೊಳಗೆ ಅಚ್ಚ ನೀಲಿ, ಹಳದಿ, ಹಸಿರು ತುಂಬಿದ ಆ ಕೋನಗಳು, ಅದು ಮೈದುಂಬಿಕೊಂಡದ್ದು ಹೀಗೆ ಚದುರಿಹೋದ ಮೇಲೆ. ಬರೆದವರು ಹೆಂಗಸರು. ಅವರಲ್ಲಿ ಒಬ್ಬರಾದ ಎಸ್ತರ್ ಮಹ್ಲಾಂಗು 1991ರಲ್ಲಿ ಒಂದು ಬಿಎಂಡಬ್ಲ್ಯು ಕಾರಿನ ಮೈತುಂಬ ಇದೇ ಚಿತ್ತಾರ ಬರೆದು ಲೋಕಪ್ರಸಿದ್ಧರಾದರು. ಯುದ್ಧ ಮಾಡಿದ ಗಂಡಸರ ಸ್ಮಾರಕ ಗುಹೆಯ ಬಳಿ ಇದೆ, ಹೆಂಗಸರ ಸ್ಮಾರಕ ಗೋಡೆಗಳ ಮೇಲಿದೆ. ಹೆಂಗಸರ ಮಾತು ಇನ್ನೂ ಇದೆ, ಆಮೇಲೆ ಬರುತ್ತದೆ.

ರಾಜನನ್ನು ನೆನೆಯೋಣ ಅಂದರೆ ಯಾವ ರಾಜನನ್ನು ಎಂಬ ತಕರಾರೂ ಉಂಟು. ಎನ್‌ಡೆಬೆಲೆಯವರಲ್ಲಿ ಮನೆತನ ಎರಡು: ಮನಾಲಾ ಮತ್ತು ಎನ್‌ಜುಂಜಾ. ಮೂಲಪುರುಷ ಮೂಸಿ ಮುಪ್ಪಿನಲ್ಲಿ ಕುರುಡನಾಗಿದ್ದ. ಹಿರಿಯ ಮಗ ಮನಾಲಾ ಬೇಟೆಗೆ ಹೋಗಿದ್ದಾಗ ಕಿರಿಯ ಎನ್‌ಜುಂಜಾ ಅಣ್ಣನ ಸೋಗಿನಲ್ಲಿ ಬಂದು ನಮ್ರಾಲಿ ಎಂಬ ರಾಜಚಿಹ್ನೆಯನ್ನು ಇಸಿದುಕೊಂಡ. ಮಗುವಿನಂತೆ ಅಳುವ ಮಾಯಾವಸ್ತುವಂತೆ ಅದು. ಕುರುಡು ತಂದೆ, ಪಟ್ಟಕ್ಕಾಗಿ ದಾಯಾದಿಗಳು. ಹಸ್ತಿನಾಪುರದ ಜಗಳ ಕೇಳಿ ಬೆಳೆದ ನಮಗೆ ಇದನ್ನು ವಿವರಿಸುವ ಕಷ್ಟವಿಲ್ಲ. ಶತಮಾನಗಳ ಮೇಲೆ ಸರ್ಕಾರ ಎನ್‌ಲಾಪೊ ಆಯೋಗ ಕೂರಿಸಿ, ಯಾರು ನಿಜವಾದ ರಾಜ ಎಂದು ತಡಕಾಡಿ, 2010ರಲ್ಲಿ ಹಿರಿಯ ಮನಾಲಾ ಮನೆತನದ ಕಡೆ ತೀರ್ಪು ಕೊಟ್ಟಿತು. ಗುಹೆಯಲ್ಲಿ ಹಸಿದು ಕಾದಾಡಿದ ನ್ಯಾಬೆಲಾ ಮಾತ್ರ ಕಿರಿಯ ಎನ್‌ಜುಂಜಾ ಕವಲಿನವನು.

ಇರಲಿ. ಹುಟ್ಟಿನಿಂದ ಬಂದ ಅಧಿಕಾರಕ್ಕೆ ಮತದಾನದ ಕಾಲದಲ್ಲಿ ಏನು ಕೆಲಸ? ನಮ್ಮಲ್ಲಿ 1971ರಲ್ಲೇ ಸಂವಿಧಾನಕ್ಕೆ 26ನೇ ತಿದ್ದುಪಡಿ ತಂದು ರಾಜಧನ ನಿಲ್ಲಿಸಿ ಕೈತೊಳೆದುಕೊಂಡೆವು. ಮೈಸೂರಿನ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿ ಕೂರುತ್ತಾಳೆ, ಅರಮನೆಯವರಿಗೆ ರಾಜಕೀಯ ಬೇಕಾದರೆ ಎಲ್ಲರಂತೆ ಓಟು ಕೇಳುತ್ತಾರೆ. ದಕ್ಷಿಣ ಆಫ್ರಿಕಾದವರಿಗೆ ಅಷ್ಟು ಸಲೀಸಾಗಿ ಮುಗಿಸಲು ಆಗಲಿಲ್ಲ, ಏಕೆಂದರೆ ಅವರ ಅರಸರನ್ನು ಬಿಳಿಯರು ಆಗಲೇ ಕೆಡಿಸಿಟ್ಟಿದ್ದರು. 1927ರ ಒಂದು ಕಾನೂನು ಗವರ್ನರ್ ಜನರಲ್ಲನನ್ನೇ ಕರಿಯರ ಪರಮೋಚ್ಚ ಅರಸ ಎಂದು ಸಾರಿತು! ಉಳಿದ ನಾಯಕರು ಅವನ ಕೈಕೆಳಗಿನ ಸಂಬಳದಾಳುಗಳು. ಬಗ್ಗದವರಿಗೆ ಜಾಗವಿರಲಿಲ್ಲ. ಗ್ರೌಟ್‌ವಿಲ್‌ನಲ್ಲಿ ಜನರೇ ಆರಿಸಿದ ನಾಯಕ ಆಲ್ಬರ್ಟ್ ಲುತುಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಬಿಡಲೊಲ್ಲೆ ಎಂದಾಗ, 1952ರಲ್ಲಿ ಸರ್ಕಾರ ಅವರನ್ನು ಪದವಿಯಿಂದ ಕಿತ್ತುಹಾಕಿತು. ಮುಂದೆ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಅರಸರೆಂದರೆ ಸರ್ಕಾರದ ಆಳುಗಳು ಎಂಬ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದ್ದು ಕ್ವಾಎನ್‌ಡೆಬೆಲೆ. ವರ್ಣಭೇದ ಸರ್ಕಾರ ಒಂದಿಷ್ಟು ಬರಡು ನೆಲಕ್ಕೆ ಆ ಹೆಸರಿಟ್ಟು, ಇದು ಎನ್‌ಡೆಬೆಲೆಗಳ ನಾಡು ಎಂದು 1981ರಲ್ಲಿ ಸ್ವಯಮಾಡಳಿತ ಕೊಟ್ಟಿತು. ಶಾಸನಸಭೆ, ಮುಖ್ಯಮಂತ್ರಿ ಎಲ್ಲ ಇದ್ದರು, ಕೆಲಸ ಮಾತ್ರ ಇರಲಿಲ್ಲ. ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ ಅಲ್ಲಿಯ ಕಾರ್ಮಿಕರ ಜೊತೆ ಬಸ್ಸಿನಲ್ಲಿ ಓಡಾಡಿ ತೆಗೆದ ಚಿತ್ರಗಳಿವೆ. ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆಲ್ಲ ಎದ್ದು ಪ್ರಿಟೋರಿಯಾದ ಬಸ್ಸು ಹಿಡಿದವರು, ಕತ್ತಲಲ್ಲಿ ಕಂಬಳಿ ಹೊದ್ದು, ಮುಂದಿನ ಸೀಟಿಗೆ ತಲೆ ಆನಿಸಿ, ನಿಂತ ಕಡೆಯೇ ಜೋತುಬಿದ್ದು ನಿದ್ದೆ ಮಾಡುತ್ತಿರುತ್ತಾರೆ. ರಾತ್ರಿ ಹಿಂದಿರುಗುವ ಬಸ್ಸಿನಲ್ಲೂ ಅದೇ ಭಂಗಿ. ಇಂಥ ನಾಡಿಗೆ 1986ರ ಡಿಸೆಂಬರಿನಲ್ಲಿ ‘ಸ್ವಾತಂತ್ರ್ಯ’ ಕೊಡುತ್ತೇವೆ ಎಂದಿತು ಪ್ರಿಟೋರಿಯಾ. ಕೊಟ್ಟರೆ ಅಲ್ಲಿಯವರು ದಕ್ಷಿಣ ಆಫ್ರಿಕಾದ ಪೌರರಾಗಿ ಉಳಿಯುವುದಿಲ್ಲ.

ಮುಖ್ಯಮಂತ್ರಿ ಸೈಮನ್ ಸ್ಕೊಸಾನಾ ಕುಣಿದಾಡಿಕೊಂಡು ಒಪ್ಪಿದ. ಅವನ ಬಲಗೈ ಪೀಟ್ ಎನ್‌ಟುಲಿ ಎಂಬೊಕೊಟೊ ಎಂಬ ಗೂಂಡಾಪಡೆ ಕಟ್ಟಿದ. ಪಕ್ಕದ ಮೌಟ್ಸೆಯವರು ನಾವು ನಿಮ್ಮೊಳಗೆ ಸೇರೆವು ಎಂದದ್ದಕ್ಕೆ 1986ರ ಹೊಸವರ್ಷದ ದಿನವೇ ನೂರಾರು ಗಂಡಸರನ್ನು ಎಳೆದೊಯ್ದು, ಸಿಯಾಬುಸ್ವಾದ ಸಭಾಭವನದಲ್ಲಿ ಕೂಡಿಹಾಕಿದರು. ನೆಲದ ಮೇಲೆ ಸೋಪಿನ ನೀರು ಹರಿಸಿ, ಬಟ್ಟೆ ಬಿಚ್ಚಿಸಿ, ಅದರ ಮೇಲೆ ಕಪ್ಪೆಯಂತೆ ಕುಪ್ಪಳಿಸಲು ಹೇಳಿ, ಜಾರಿ ಬಿದ್ದವರಿಗೆ ಚಾಟಿಯಿಂದ ಬಾರಿಸಿದರು. ಈ ಪಡೆಯ ಹಿಂದೆ ಇದ್ದದ್ದು ಶಾಸನಸಭೆಯುಳ್ಳ ಸರ್ಕಾರ. ಎದುರು ನಿಂತದ್ದು ಅರಮನೆ. ಎನ್‌ಜುಂಜಾ ರಾಜಮನೆತನ, ಮುಖ್ಯವಾಗಿ ರಾಜಕುಮಾರ ಜೇಮ್ಸ್ ಮಹ್ಲಾಂಗು, ಸ್ವಾತಂತ್ರ್ಯ ಬೇಡ ಎಂದರು. ಮೇ ತಿಂಗಳಲ್ಲಿ ರಾಜನ ಹಟ್ಟಿಯಂಗಳದಲ್ಲಿ ಸಾವಿರಾರು ಜನ ನೆರೆದರು, ಅಶ್ರುವಾಯು ತಿಂದರು. ಶಾಲೆಯ ಹುಡುಗರು ಕಲ್ಲು ಹಿಡಿದು ರಾಜನ ಪರವಾಗಿ ಬೀದಿಗಿಳಿದರು. ಜುಲೈಯಲ್ಲಿ ಎನ್‌ಟುಲಿ ಕಾರ್ ಬಾಂಬಿಗೆ ಬಲಿಯಾದ. ಆಗಸ್ಟ್ 12ರಂದು ಅದೇ ಶಾಸನಸಭೆ ಸ್ವಾತಂತ್ರ್ಯದ ಪ್ರಸ್ತಾವವನ್ನು ಕೈಬಿಟ್ಟಿತು. ಮರುವರ್ಷ ಹುಟ್ಟಿದ ಕಾಂಟ್ರಲೇಸಾ, ಅಂದರೆ ವರ್ಣಭೇದ ವಿರೋಧಿ ನಾಯಕರ ಸಂಘಟನೆಯನ್ನು ಕಟ್ಟಲು ಮುಂದಾದವರೂ ಕ್ವಾಎನ್‌ಡೆಬೆಲೆ, ಮೌಟ್ಸೆಗಳ ನಾಯಕರೇ.

ಹುಟ್ಟಿನ ಬಲದ ಅರಸ ಜನರ ಕಡೆ, ಮತದ ಬಲದ ಮಂತ್ರಿ ಬಿಳಿಯ ದೊರೆಗಳ ಕಡೆ. ನನ್ನ ಮಟ್ಟಿಗೆ ಗಾದಿ ಹುಟ್ಟಿನಿಂದ ಬಂತೋ ಪೆಟ್ಟಿಗೆಯಿಂದ ಬಂತೋ ಎನ್ನುವುದಕ್ಕಿಂತ ಅದರ ಮೇಲೆ ಕೂತವನು ಯಾರಿಗೆ ಹೆದರುತ್ತಾನೆ ಎಂಬುದು ದೊಡ್ಡ ಪ್ರಶ್ನೆ. ಸ್ಕೊಸಾನಾ ಹೆದರುತ್ತಿದ್ದದ್ದು ಪ್ರಿಟೋರಿಯಾಕ್ಕೆ.

ಹಾಗೆಂದು ಅರಮನೆಗೆ ಆರತಿ ಎತ್ತಲು ನಾನು ತಯಾರಿಲ್ಲ. 1984ರಲ್ಲಿ ಕ್ವಾಎನ್‌ಡೆಬೆಲೆಯ ಚುನಾವಣೆ ನಡೆದಾಗ ಹೆಂಗಸರಿಗೆ ಓಟೇ ಇರಲಿಲ್ಲ. ಸಂಪ್ರದಾಯ ಒಪ್ಪುವುದಿಲ್ಲವಂತೆ. ಕೊನೆಗೆ ಕೋರ್ಟಿನಲ್ಲಿ ಪ್ರಶ್ನೆ ಎದ್ದು, 1988ರಲ್ಲಿ ಆ ಚುನಾವಣೆ ಅಸಿಂಧುವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಹೆಂಗಸರು ಸಾಲುಗಟ್ಟಿ ನಿಂತು ಓಟು ಹಾಕಿ ಅರಮನೆಯ ಕಡೆಯವರನ್ನೇ ಗೆಲ್ಲಿಸಿದರು. ಮಂಡೇಲಾ ತಮ್ಮ ಆತ್ಮಕತೆಯಲ್ಲಿ ತೆಂಬು ರಾಜಪ್ರತಿನಿಧಿ ಜೊಂಗಿಂಟಾಬಾನ ಸಭೆಯನ್ನು ಬಾಯ್ತುಂಬ ಹೊಗಳಿದ್ದಾರೆ: ಎಲ್ಲರೂ ಮಾತಾಡುತ್ತಿದ್ದರು, ಅರಸ ಬೈಗುಳವನ್ನೂ ತಣ್ಣಗೆ ಕೇಳಿ ಕೊನೆಯಲ್ಲಿ ಬಾಯಿ ತೆರೆಯುತ್ತಿದ್ದ. ಎಲ್ಲರೂ ಅಂದರೆ ಗಂಡಸರು. ಆ ಕೊರತೆಯನ್ನೂ ಅವರೇ ಬರೆದಿದ್ದಾರೆ.

ವರ್ಣಭೇದ ಮುಗಿದ ಮೇಲೆ ಬಂದ ದಕ್ಷಿಣ ಆಫ್ರಿಕಾದ ಹೊಸ ಸಂವಿಧಾನ 12ನೇ ಅಧ್ಯಾಯದಲ್ಲಿ ಪಾರಂಪರಿಕ ನಾಯಕರಿಗೆ ಮನ್ನಣೆ ಕೊಟ್ಟಿತು, ಆದರೆ ಸಂವಿಧಾನಕ್ಕೆ ಅಧೀನವಾಗಿ. ರಾಜರಿಗೆ ಈಗ ವರ್ಷಕ್ಕೆ ಹತ್ತು ಲಕ್ಷ ರ‍್ಯಾಂಡ್ ಮೀರಿದ ಸಂಬಳ. ತಪ್ಪಿದರೆ ಜೈಲೂ ಉಂಟು: ತೆಂಬು ಅರಸ ದಲಿಂಡ್ಯೆಬೊ ತನ್ನ ಪ್ರಜೆಗಳ ಮನೆಗಳಿಗೆ ಬೆಂಕಿ ಇಟ್ಟು, ಅಪಹರಿಸಿ, ಹೊಡೆದದ್ದಕ್ಕೆ 12 ವರ್ಷದ ಶಿಕ್ಷೆ ಪಡೆದು 2015ರ ಕೊನೆಯಲ್ಲಿ ಒಳಗೆ ಹೋದ, 2019ರಲ್ಲಿ ಹೊರಬಂದ. ಅದೇ 2019ರಲ್ಲಿ ಬಂದ ಕಾನೂನೊಂದು, ಹಳ್ಳಿಯ ನೆಲದ ವಿಷಯದಲ್ಲಿ ನಾಯಕರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಲು ದಾರಿ ತೆರೆಯಿತು. ಉತ್ತವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2023ರ ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಇಡಿಯಾಗಿ ಅಸಿಂಧುಗೊಳಿಸಿ, ಸರಿಪಡಿಸಲು ಪಾರ್ಲಿಮೆಂಟಿಗೆ 24 ತಿಂಗಳ ಗಡುವು ಕೊಟ್ಟಿತು. ಕಾರಣ ಇಷ್ಟೇ: ಮಸೂದೆಯ ಬಗ್ಗೆ ಸಭೆ ಕರೆದದ್ದು ಹೆಸರಿಗೆ ಮಾತ್ರ, ಜನರ ಮಾತನ್ನು ಸರಿಯಾಗಿ ಕೇಳಿರಲಿಲ್ಲ.