ಹೊಳೆಮತ್ತಿ ಮೇಲಿನ ಗೂಡು

ಉಯ್ಯಂಬಳ್ಳಿ ದಾಟಿ ಸಂಗಮಕ್ಕೆ ಇಳಿಯುವವರೆಲ್ಲ ನೀರು ನೋಡ್ತಾರೆ, ಮೇಕೆದಾಟು ನೋಡ್ತಾರೆ. ಒಂದು ಸಲ ತಲೆಯೆತ್ತಿ ದಡದ ಹೊಳೆಮತ್ತಿ ಮರಗಳನ್ನೂ ನೋಡಿ. ತುದಿಕೊಂಬೆಗಳ ನಡುವೆ ಎಲೆ, ಕಡ್ಡಿ ಸೇರಿಸಿ ಕಟ್ಟಿದ ಉಂಡೆಯಂಥ ಗೂಡು ಕಂಡರೆ ಅದು ಬೂದು ಬಣ್ಣದ ದೊಡ್ಡ ಅಳಿಲಿನದ್ದಿರಬಹುದು. ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ! 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದಲ್ಲಿ ಅದಕ್ಕೆ ಆಸರೆ ಹೊಳೆಸಾಲಿನ ಈ ಹಸಿರು ಪಟ್ಟಿ. ಸ್ವಲ್ಪ ಆಚೆ ಹೋದರೆ ಕುರುಚಲು, ಒಣಕಾಡು. ನೆಲಕ್ಕಿಳಿಯಲು ಅಂಜುವ ಜೀವಿ. ಕೊಂಬೆಗೆ ಕೊಂಬೆ ತಾಗಿದ್ದರೇ ಅದಕ್ಕೆ ದಾರಿ.

2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಗೆ ಹೊಳೆ ಸೊರಗಿ ಬಂಡೆಗಳು ಬಯಲಾದವು. ಬರ ನಮಗೆ ಹೊಸದಲ್ಲ, ಆದರೆ ಭೂಮಿ ಬಿಸಿಯಾದಷ್ಟೂ ಬರದ ವರ್ಷಗಳ ಝಳ ಹೆಚ್ಚುತ್ತೆ, ಮಣ್ಣಿನ ತೇವ ಬೇಗ ಆರುತ್ತೆ. ಬೇರು ಆಳಕ್ಕಿಳಿದ ಹಳೇ ಮತ್ತಿ ಹೇಗೋ ತಡೆದುಕೊಳ್ಳುತ್ತೆ. ನನ್ನ ಸಂಕಟ ಇರೋದು ಅದರ ಬುಡದ ಸಸಿಗಳ ಬಗ್ಗೆ. ಅವು ಒಣಗುತ್ತಾ ಹೋದರೆ, ಹಳೇ ಮರ ಬಿದ್ದ ಜಾಗ ಖಾಲಿಯೇ ಉಳಿಯುತ್ತೆ. ಅಳಿಲಿನ ದಾರಿ ಅಲ್ಲಿಗೆ ಕಡಿತ.

ವಾರಾಂತ್ಯಕ್ಕೆ ಅಲ್ಲಿಗೆ ಹೋಗುವವರು ದಯವಿಟ್ಟು ಆ ಮರಗಳ ಬುಡದಲ್ಲಿ ಕಲ್ಲೊಲೆ ಹೂಡಿ ಬೆಂಕಿ ಹಾಕಬೇಡಿ. ಸುಡೋದು ಆ ಸಸಿಗಳೇ.